ಅಕ್ಕನ ಅಂಗಾಲಿನ ಮಚ್ಚೆ

ಭದ್ರಾವತಿ ಬಸ್ ನಿಲ್ದಾಣದಲ್ಲಿ ಭಾವ ಅಕ್ಕನ ಕೈ ಬಿಡಲೇ ಇಲ್ಲ. ಶಿವಮೊಗ್ಗವೇನು ದೂರವೇ, ಇಪ್ಪತ್ತು ಕಿಲೋಮೀಟರ್. ಆದರೂ ಅವರ ಮುಖ ಬಾಡಿತ್ತು. ಅಕ್ಕನ ಅಂಗಾಲಿನಲ್ಲೊಂದು ಹುಟ್ಟುಮಚ್ಚೆ ಇದೆ. ಅಲ್ಲಿ ಮಚ್ಚೆ ಇದ್ದವರಿಗೆ ತಿರುಗಾಟದ ಯೋಗವಂತೆ. ಆ ನೆಪದಲ್ಲಿ ಅವಳು ಸುತ್ತದ ಊರಿಲ್ಲ. ಈಗ ಅದರ ಸುತ್ತ ಕಪ್ಪು ಹರಡಿತ್ತು. ನೋವಿಲ್ಲ, ಗಂಟಿಲ್ಲ. "ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೊಂಡು ಬನ್ನಿ" ಎಂದಿದ್ದರು ಊರಿನ ಡಾಕ್ಟರು.

ಅಕ್ಕನೂ ನಾನೂ ಆಧಾರ್ ತೋರಿಸಿ ಸರ್ಕಾರಿ ಬಸ್ಸಿನಲ್ಲಿ ಉಚಿತ ಟಿಕೆಟ್ ಪಡೆದೆವು. ಎಳೆಬಿಸಿಲಿತ್ತು. ಕಿಟಕಿ ಪಕ್ಕ ಸಿಕ್ಕರೂ ಅಕ್ಕ ಹೊರಗೆ ನೋಡಲಿಲ್ಲ. ನನಗೂ ಭಯವೇ. "ಅರವತ್ತು ದಾಟಿದ್ರೂ ನಿನ್ನ ಕೂದ್ಲು ಒಂದೂ ಬೆಳ್ಳಗಾಗಿಲ್ಲ ನೋಡಕ್ಕ" ಎಂದೆ. ಅದು ಅವಳ ನಿತ್ಯದ ಜಂಬ. ಅಂದು ಅದಕ್ಕೂ ನಗಲಿಲ್ಲ.

ಸವಳಂಗ ರಸ್ತೆಯ ಕ್ಲಿನಿಕ್ಕಿನಲ್ಲಿ ಚರ್ಮದ ಡಾಕ್ಟರಮ್ಮ ಅಂಗಾಲಿಗೆ ಜೆಲ್ ಹಚ್ಚಿ, ದೀಪವಿರುವ ಪುಟ್ಟ ಭೂತಗನ್ನಡಿಯಂಥ ಡರ್ಮಟೋಸ್ಕೋಪ್ ಇಟ್ಟರು. ಅದಕ್ಕೆ ಜೋಡಿಸಿದ್ದ ಪರದೆಯ ಮೇಲೆ ಅಂಗಾಲು ಉತ್ತ ಹೊಲದಂತೆ ಏರುತಗ್ಗಾಗಿ ಕಂಡಿತು.

"ಹಳೇ ಮಚ್ಚೆ ಬಣ್ಣ ತಗ್ಗಿನ ಸಾಲಲ್ಲಿದೆ, ಅದು ಒಳ್ಳೇದು. ಹೊಸ ಕಪ್ಪು ಏರಿನ ಮೇಲಿದೆ. ಅಂಗಾಲಿನ ಕ್ಯಾನ್ಸರ್ ಹೀಗಿರುತ್ತೆ. ಹೊರಗಿನ ಬಣ್ಣ ಮೆತ್ತಿದ್ರೂ ಹೀಗೇ ಕಾಣ್ಬೋದು. ಮೆಹಂದಿ, ಹೇರ್ ಡೈ ಏನಾದ್ರೂ ತುಳಿದ್ರಾ ಅಮ್ಮ?"

"ಇಲ್ಲಮ್ಮ" ಎಂದಳು ಅಕ್ಕ ಥಟ್ಟನೆ.

"ಹಾಗಾದ್ರೆ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸ್ಬೇಕಾಗುತ್ತೆ."

ಅಕ್ಕ ನನ್ನನ್ನು ನೋಡಿದಳು, ಗೋಡೆ ನೋಡಿದಳು. "ಇವಳನ್ನ ಸ್ವಲ್ಪ ಹೊರಗೆ ಕಳಿಸ್ತೀರಾ?" ಎಂದಳು. ನಾನು ಕದಲಲಿಲ್ಲ. ಕೊನೆಗೆ ಬಾಯಿಬಿಟ್ಟಳು. "ತಲೆಗೆ ಡೈ ಹಚ್ಕೋತೀನಮ್ಮ. ಮೊನ್ನೆ ಬಚ್ಚಲಲ್ಲಿ ಬಟ್ಟಲು ಮಗುಚ್ತು. ಬರಿಗಾಲಲ್ಲಿದ್ದೆ."

ಡಾಕ್ಟರಮ್ಮ ಬ್ಲೇಡಿನಿಂದ ಮೇಲಿನ ಒರಟು ಚರ್ಮವನ್ನು ಮೆತ್ತಗೆ ಕೆರೆದರು. ಕಪ್ಪು ಉದುರಿತು. ಮತ್ತೆ ನೋಡಿದಾಗ ಹಳೆಯ ಮಚ್ಚೆ ಮಾತ್ರ ಉಳಿದಿತ್ತು, ತಗ್ಗಿನ ಸಾಲುಗಳಲ್ಲಿ. "ಏನೂ ಇಲ್ಲ. ಆದ್ರೂ ಮೂರು ತಿಂಗಳಿಗೆ ಬಂದು ತೋರಿಸಿ. ಅಂಗಾಲನ್ನ ಯಾರೂ ನೋಡ್ಕೊಳ್ಳಲ್ಲ, ನೀವು ಬಂದಿದ್ದು ಒಳ್ಳೇದಾಯ್ತು" ಎಂದರು. ಸಂತೋಷಕ್ಕೆ ನನಗೆ ಅಳುವೇ ಬಂತು.

ಹೊರಗೆ ಬಂದು ಹೋಟೆಲಿನಲ್ಲಿ ಅಕ್ಕ ಎರಡು ಮಸಾಲೆ ದೋಸೆ ತಿಂದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಕಿಟಕಿಯಾಚೆ ಕಂಡಿದ್ದನ್ನೆಲ್ಲ ನನಗೆ ತೋರಿಸಿದಳು. ಭದ್ರಾವತಿ ಹತ್ತಿರವಾದಾಗ ಮಾತ್ರ ಕಿವಿಯಲ್ಲಿ, "ಡೈ ವಿಷ್ಯ ನಿಮ್ಮ ಭಾವಂಗೆ ಹೇಳ್ಬೇಡ ಮಾರಾಯ್ತಿ" ಎಂದಳು.

ಭಾವ ನಿಲ್ದಾಣದಲ್ಲೇ ಕಾಯುತ್ತಿದ್ದರು. "ಏನೂ ಇಲ್ವಂತೆ ರೀ, ಯಾವ್ದೋ ಬಣ್ಣ ಮೆತ್ತಿತ್ತಂತೆ" ಎಂದಳು ಅಕ್ಕ.

ಭಾವ ಬೆಂಚಿನ ಮೇಲೆ ಕುಸಿದು ಕಣ್ಣೊರೆಸಿಕೊಂಡರು. ಆಮೇಲೆ ಜೋರಾಗಿ ನಕ್ಕರು. "ಡೈನಾ? ಅಯ್ಯೋ ಮಾರಾಯ್ತಿ, ಇಷ್ಟು ವರ್ಷ ಬಚ್ಚಲಿನ ಕಲೆ ತಿಕ್ಕಿದೋನು ನಾನು. ನಂಗೇ ಹೊಳೀಲಿಲ್ವಲ್ಲ!"