ಪೂರ್ವಕ್ಕೆ ಮುಖ ಮಾಡಿದ ಸೋಲಾರ್

ವಿದ್ಯುಚ್ಛಕ್ತಿಯ ವಿಷಯದಲ್ಲಿ ಸಾಮಾನ್ಯ ಬಾಡಿಗೆದಾರನೊಬ್ಬನಿಗೆ ಅಭಿಪ್ರಾಯವಿರಬಹುದೇ ಎಂಬ ಅಳುಕಿನಿಂದಲೇ ಈ ಕೆಳಕಂಡ ಸಂಗತಿಗಳನ್ನು ಓದುಗರ ಅವಗಾಹನೆಗೆ ತರುತ್ತಿದ್ದೇನೆ. ಕಚೇರಿಯ ಪತ್ರಗಳನ್ನು ಬರೆದು ಅಭ್ಯಾಸವಿದೆಯೇ ಹೊರತು ನೆನಪುಗಳನ್ನು ಬರೆದವನಲ್ಲ. ತಪ್ಪು ಕಂಡಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಹೊಸ ತಿಪ್ಪಸಂದ್ರದ ಒಂದು ವಠಾರದಲ್ಲಿ ವಾಸವಾಗಿದ್ದೆ. ಬೆಳಗ್ಗೆ ಬೀದಿಯ ಗೀಸರುಗಳೆಲ್ಲ ಒಟ್ಟಿಗೆ ಚಾಲನೆಗೊಂಡಾಗ ನಮ್ಮ ಬಲ್ಬು ಕುಂಬಳದ ಹೂವಿನ ಬಣ್ಣಕ್ಕೆ ತಿರುಗಿ, ಸ್ವಲ್ಪ ಹೊತ್ತಿಗೆ ಕರೆಂಟೇ ಹೋಗುತ್ತಿತ್ತು. ಗೀಸರಿಲ್ಲದ ನಾವು ಸೀಮೆಎಣ್ಣೆ ಸ್ಟೌವಿನ ಹೊಗೆಯಲ್ಲಿ ನೀರು ಕಾಯಿಸುತ್ತಿದ್ದೆವು. ಎಲ್ಲೋ ದೂರದ ಕಾಡು ಮುಳುಗಿಸಿ, ಕಲ್ಲಿದ್ದಲು ಸುಟ್ಟು ನಗರಕ್ಕೆ ವಿದ್ಯುತ್ ತರುವ ಮೊದಲು ಸ್ನಾನದ ನೀರನ್ನಾದರೂ ನಮ್ಮ ತಾರಸಿಯ ಬಿಸಿಲಿನಲ್ಲೇ ಕಾಯಿಸಿಕೊಳ್ಳಬೇಕು, ವಾರ್ಡಿನ ರಾಜಕಾರಣವೂ ಅದನ್ನು ಮಾತನಾಡಬೇಕು ಎಂಬುದು ಅಂದಿನಿಂದಲೂ ನನ್ನ ಅಭಿಪ್ರಾಯ.

ವಠಾರದ ಒಡತಿ, ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದ ಹಳೆಯ ಮನೆತನದವರು, ಮಹಿಳಾ ಮೀಸಲು ವಾರ್ಡಿನಿಂದ ಪಾಲಿಕೆ ಚುನಾವಣೆಗೆ ನಿಂತಾಗ ಅವರಲ್ಲಿ ಇದನ್ನು ನಿವೇದಿಸಿಕೊಂಡೆ.

"ಚೆನ್ನಾಗೈತೆ ಕಣಪ್ಪ! ಎಲ್ರೂ ಮೋರಿ, ಟಾರು ಅಂತಾರೆ. ನಾನು ಬಿಸಿನೀರು ಅಂತೀನಿ. ಮೊದ್ಲು ನಮ್ಮನೇಲೇ ಹಾಕ್ಸಿ ತೋರಿಸ್ತೀನಿ. ಭಾನುವಾರ ಬೀದಿಯೋರೆಲ್ಲ ಬಂದು ನಲ್ಲಿ ತಿರುಗಿಸಿ ನೋಡ್ಲಿ!"

ಬೀದಿಗೆಲ್ಲ ಆಹ್ವಾನ ಹೋಯಿತು. ಸೋಲಾರ್ ಹಾಕಲು ಬಂದ ಮೆಕ್ಯಾನಿಕ್ಕು ಫಲಕವನ್ನು ದಕ್ಷಿಣಕ್ಕೆ ಇರಿಸಬೇಕೆಂದ. ಒಡತಿ ಸುತರಾಂ ಒಪ್ಪಲಿಲ್ಲ.

"ಅದು ಯಮನ ದಿಕ್ಕು. ಎಲೆಕ್ಷನ್ ಟೈಮಲ್ಲಿ ನನ್ ತಲೆ ಮೇಲೆ ಯಮನ ಕಡೆ ಮುಖ ಮಾಡಿಸ್ತೀಯಾ? ಸೂರ್ಯ ಹುಟ್ಟೋದು ಪೂರ್ವಕ್ಕೆ, ಅಲ್ಲಿಗೇ ತಿರುಗ್ಸು."

ಅದು ಮಾಗಿಯ ಕಾಲ. ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಯೇ ಸಾಗುತ್ತಾನೆಂದು ನಾನು ಸವಿನಯವಾಗಿ ವಿವರಿಸಿದೆ. "ನೀನು ಓದಿದೋನು, ಸರಿ. ಮನೆ ನಂದು" ಎಂಬ ಉತ್ತರ ಬಂತು. ಫಲಕ ಪೂರ್ವಕ್ಕೆ ಕೂತಿತು.

ಮರುದಿನ ನಲ್ಲಿಯಲ್ಲಿ ಬಂದದ್ದು ಉಗುರುಬೆಚ್ಚಗೂ ತುಸು ಕಡಿಮೆಯಾದ ನೀರು. ಪಕ್ಕದ ಕೋಣೆಯಲ್ಲಿದ್ದ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಹೆಂಗಸು ಬಕೆಟ್ಟಿಗೆ ಕೈ ಅದ್ದಿ, "ಅಕ್ಕಾರ, ಈ ನೀರಿಗೆ ಥಂಡಿ ಹತ್ತ್ಯಾದ ನೋಡ್ರಿ. ಒಂದು ಶಾಲು ಹೊಚ್ಚರಿ!" ಎಂದಳು.

ಮಾತು ಟೀ ಅಂಗಡಿ ಮುಟ್ಟಲು ತಡವಾಗಲಿಲ್ಲ. ಎದುರು ಪಕ್ಷದ ಹುಡುಗರು ನನ್ನನ್ನು ಕಂಡೊಡನೆ, "ಏನ್ ಗುರು, ತಣ್ಣೀರಕ್ಕಂಗೇನಾ ವೋಟು?" ಎನ್ನತೊಡಗಿದರು. ಒಡತಿ ಪ್ರಚಾರ ಬಿಟ್ಟು ಜಗಲಿ ಹಿಡಿದರು. ಭಾನುವಾರ ಹತ್ತಿರ ಬರುತ್ತಿತ್ತು. ಬೀದಿಯ ಮುಂದೆ ಅವರ ಮಾನ ಹೋಗುವುದಕ್ಕೆ ನನ್ನ ಅಭಿಪ್ರಾಯವೇ ಕಾರಣವಾಗುವುದೆಂದು ನನಗೆ ಊಟ ಸೇರದಾಯಿತು.

ಶನಿವಾರ ಬೆಳಗ್ಗೆ ಅವರು ಹಲಸೂರಿನ ಶಿವನ ಗುಡಿಗೆ ಹೋದವರು, ಆಟೋದಿಂದ ಇಳಿಯುತ್ತಲೇ ನನ್ನನ್ನು ಕೂಗಿದರು.

"ಗುಡಿ ಸುತ್ತು ಬರೋವಾಗ ನೋಡ್ದೆ ಕಣಪ್ಪ. ದಕ್ಷಿಣಾಮೂರ್ತಿ ಸ್ವಾಮಿ ಯಾವ ಕಡೆ ಮುಖ ಮಾಡಿ ಕೂತವ್ನೆ?"

"ದಕ್ಷಿಣಕ್ಕೆ ಅಮ್ಮ."

"ಸ್ವಾಮಿನೇ ಕೂತಿರೋವಾಗ ಈ ತಗಡಿಗೇನು ಬಂತು ರೋಗ? ಕರಿ ಆ ಮೆಕ್ಯಾನಿಕ್ನ!"

ಮಧ್ಯಾಹ್ನದೊಳಗೆ ಫಲಕ ದಿಕ್ಕು ಬದಲಿಸಿತು. ಭಾನುವಾರ ಇಳಿಹೊತ್ತಿಗೆ ಬೀದಿಯವರೆಲ್ಲ ಅಂಗಳದಲ್ಲಿ ನೆರೆದರು. ಟೀ ಅಂಗಡಿಯ ಹುಡುಗರೂ ನಗಲೆಂದೇ ಬಂದಿದ್ದರು. ಪಕ್ಕದ ಕೋಣೆಯ ಹೆಂಗಸು ನಲ್ಲಿ ತಿರುಗಿಸಿ ಕೈಯೊಡ್ಡಿದವಳು ಹೌಹಾರಿ ಹಿಂದಕ್ಕೆಳೆದುಕೊಂಡಳು.

"ಯವ್ವಾ, ಸುಟ್ಟೇ ಬಿಡ್ತು! ಶಾಲು ತೆಗೀರಿ ಅಕ್ಕಾರ!"

ಅಂಗಳವೆಲ್ಲ ನಗೆ. ಒಡತಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಮಾತ್ರ ಗಮನಿಸಿದೆ.

ಚುನಾವಣೆಯಲ್ಲಿ ಅವರು ಸೋತರು. ಆದರೆ ವರ್ಷ ತುಂಬುವಷ್ಟರಲ್ಲಿ ಬೀದಿಯ ಹಲವು ತಾರಸಿಗಳಲ್ಲಿ ಫಲಕಗಳು ಕಾಣಿಸಿಕೊಂಡವು. ನೀತಿಯನ್ನು ಆದೇಶವಾಗಿ ಹೊರಡಿಸಿದರಷ್ಟೇ ಸಾಲದು, ಜನರ ನಂಬಿಕೆಯೊಡನೆ ಕೂತು ಮಾತನಾಡುವ ತಾಳ್ಮೆಯೂ ಬೇಕೆಂಬ ನನ್ನ ಎರಡನೆಯ ಅಭಿಪ್ರಾಯ ಆಗ ರೂಪುಗೊಂಡಿತು.

ಚುನಾವಣೆ ಗೆದ್ದ, ಹಿಂದಿನ ಬೀದಿಯ ಮಹಿಳೆಯೂ ತಮ್ಮ ಮನೆಗೆ ಸೋಲಾರ್ ಹಾಕಿಸಿದರು. ಒಡತಿ ನಮ್ಮ ತಾರಸಿಯಿಂದ ಇಣುಕಿ ನೋಡಿ ನನ್ನನ್ನು ಕರೆದರು.

"ಪೂರ್ವಕ್ಕೆ ಇಡಿಸವ್ಳೆ ನೋಡು! ಹೋಗಿ ದಕ್ಷಿಣಾಮೂರ್ತಿ ವಿಷ್ಯ ಹೇಳ್ಬಿಟ್ಟು ಬಾರಪ್ಪ. ಗೆದ್ದೋಳು, ಪಾಪ, ತಣ್ಣೀರಲ್ಲಿ ಮೀಯೋದು ಬೇಡ."