ನೂಲಿನ ಬಿರುಸನ್ನು ಅಳೆದವರು

ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕೆಂದು ಹೇಳಿದವರು ನಮ್ಮ ಮೀನುಗಾರಿಕಾ ಶಾಸ್ತ್ರದಲ್ಲಿ ಹಲವರಿದ್ದಾರೆ. ಆ ಕಣ್ಣನ್ನು ಕಟ್ಟಿದ ನೂಲು ಎಷ್ಟು ಬಿರುಸಾಗಿದೆ ಎಂದು ಕೇಳಿದವರು ವಿರಳ. ಆ ವಿರಳರಲ್ಲಿ ಮೊದಲಿಗರು, ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಸಂಶೋಧಕಿ; ಬಂದರಿನವರ ಬಾಯಲ್ಲಿ ‘ಅಳತೆ ಅಕ್ಕ’.

ಮರಿಮೀನು ತಪ್ಪಿಸಿಕೊಂಡು ಹೋಗಲೆಂದು ಬಲೆಯ ಕಣ್ಣಿನ ಗಾತ್ರವನ್ನು ಲೆಕ್ಕಹಾಕಿ ನಿಯಮ ಬರೆಸಿದವರು ಅವರೇ. ಎರಡು ವರ್ಷ ಎಲ್ಲವೂ ಸರಿಹೋಯಿತು. ಮೂರನೆಯ ವರ್ಷ ದೋಣಿಗಳಿಗೆ ಬಾಳಿಕೆ ಬರುವ ಹೊಸ ನೂಲಿನ ಬಲೆಗಳು ಬಂದವು. ಬುಟ್ಟಿಗಳಲ್ಲಿ ಬೆರಳುದ್ದದ ಮರಿಗಳು ತುಂಬತೊಡಗಿದವು. ದೋಣಿಯವರು ಕದ್ದುಮುಚ್ಚಿ ಸಣ್ಣ ಕಣ್ಣಿನ ಬಲೆ ಬಿಡುತ್ತಿದ್ದಾರೆಂದು ಅಕ್ಕ ವರದಿ ಬರೆದರು. ಅದರ ಮೇಲೆ ಪರವಾನಗಿ ಅಮಾನತಾಗಿ ಹನ್ನೊಂದು ದೋಣಿಗಳು ದಡ ಸೇರಿ ನಿಂತವು.

ಒಂದು ಬೆಳಿಗ್ಗೆ, ಬಲೆ ರಿಪೇರಿ ಮಾಡುವ ಮುದುಕರೊಬ್ಬರು ಹಳೆಯ ಬಲೆಯದೊಂದು, ಹೊಸ ಬಲೆಯದೊಂದು ತುಂಡು ತಂದು ಅವರ ಮೇಜಿನ ಮೇಲೆ ಹರವಿದರು.

“ಅಳೀರಿ, ಅಕ್ಕ.”

ಕಣ್ಣಿಗೆ ಅಳತೆಪಟ್ಟಿ ಒತ್ತಿ ತೂರಿಸಿ ಅಳೆದರು. ಎರಡೂ ನಿಯಮದಷ್ಟೇ ಇದ್ದವು.

“ಈಗ ಕಿರುಬೆರಳಲ್ಲಿ ಮೆಲ್ಲಗೆ ತಳ್ಳಿ.”

ಹಳೆಯ ಕಣ್ಣು ಬೆರಳಿಗೆ ಒಲಿದು ಅಗಲವಾಯಿತು. ಹೊಸದು ಜಪ್ಪಯ್ಯ ಎಂದರೂ ಕದಲಲಿಲ್ಲ.

“ನಿಮ್ಮ ಪಟ್ಟಿ ಒತ್ತಿದ್ರೆ ತೆರೆಯುತ್ತೆ. ಮರಿಮೀನಿಗೆ ಅಷ್ಟು ಬಲ ಎಲ್ಲಿಂದ ಬರಬೇಕು?”

ಅಕ್ಕ ಪ್ರಯೋಗಾಲಯದ ತೊಟ್ಟಿಗಳಲ್ಲಿ ಎರಡೂ ಬಗೆಯ ಬಲೆ ಕಟ್ಟಿ ಮರಿಮೀನು ಬಿಟ್ಟರು. ಎಂಟು ತಿಂಗಳು ತೊಟ್ಟಿಗಳ ಪಕ್ಕದಲ್ಲೇ ಕಳೆದರು. ನೂರು ಮರಿಗಳಲ್ಲಿ ಹಳೆಯ ಬಲೆಯಿಂದ ಎಪ್ಪತ್ತು ಪಾರಾದರೆ, ಅಷ್ಟೇ ಅಳತೆಯ ಬಿರುಸು ಬಲೆಯಿಂದ ಪಾರಾದದ್ದು ಇಪ್ಪತ್ತಾರು.

“ಹಳೇ ವರದಿಗೆ ತಿದ್ದುಪಡಿ ಅಂತ ಒಂದು ಸಾಲು ಸೇರಿಸಿ, ಸಾಕು” ಎಂದರು ಸಂಸ್ಥೆಯ ನಿರ್ದೇಶಕರು. ಅಕ್ಕನಿಗೆ ಅದು ಸಾಕೆನಿಸಲಿಲ್ಲ. ಬಂದರಿನ ಹರಾಜುಕಟ್ಟೆಗೆ ಹೋಗಿ ಆ ಹನ್ನೊಂದು ದೋಣಿಗಳ ಮನೆಯವರನ್ನು ಕರೆಸಿ ಹೇಳಿದರು: “ನಿಮ್ಮನ್ನ ಕಳ್ಳರು ಅಂತ ಬರೆದೆ. ತಪ್ಪು ನನ್ನದು. ಕಣ್ಣು ಅಳೆದೆ, ನೂಲು ಅಳೀಲಿಲ್ಲ.”

ದೋಣಿಯೊಡತಿಯೊಬ್ಬರು ಮಗುಚಿಟ್ಟ ಬುಟ್ಟಿಯೊಂದನ್ನು ಮುಂದೆ ತಳ್ಳಿ, “ಕೂತ್ಕೊಳ್ಳಿ ಅಕ್ಕ, ಎಷ್ಟೊತ್ತು ನಿಂತಿರ್ತೀರಿ” ಎಂದರು.

ಆ ವಾರವೇ ದೋಣಿಗಳು ನೀರಿಗಿಳಿದವು. ಮುಂದಿನ ವರ್ಷ ನಿಯಮದಲ್ಲಿ ನೂಲಿನ ಬಿರುಸಿಗೂ ಒಂದು ಮಿತಿ ಸೇರಿತು. ಈ ಪ್ರಯೋಗದ ಕುರಿತ ಪ್ರಬಂಧದಲ್ಲಿ ಅಕ್ಕ ಆ ಮುದುಕರ ಹೆಸರನ್ನೇ ಮೊದಲು ಹಾಕಿದರು. ಪದವಿಯಿಲ್ಲದವರ ಹೆಸರೇಕೆ ಎಂದು ಪತ್ರಿಕೆಯ ಸಂಪಾದಕರು ಕೇಳಿದಾಗ, “ಪದವಿ ನನ್ನದು, ವಿಷಯ ಅವರದು” ಎಂದು ಉತ್ತರ ಬರೆದರು.

ಅಲ್ಲಿಂದೀಚೆಗೆ ಅವರ ಕೈಕೆಳಗೆ ಕಲಿತ ನಾವೆಲ್ಲ ವರದಿಗೆ ಸಹಿ ಹಾಕುವ ಮುನ್ನ ಒಮ್ಮೆ ಬಂದರಿಗೆ ಹೋಗಿಬರುತ್ತೇವೆ. ಮೊನ್ನೆ, ನಿವೃತ್ತಿಯ ಮೇಲೆ ಏನು ಮಾಡುವಿರಿ ಎಂದು ಕೇಳಿದರೆ ನಕ್ಕು, “ತೊಟ್ಟಿ ಒಂದು ಖಾಲಿ ಇಟ್ಟಿರಿ, ಸೋಮವಾರ ಬರ್ತೀನಿ” ಎಂದರು. ಅವರ ಆರೋಗ್ಯ ಗಟ್ಟಿಯಾಗಿರಲಿ; ಅಂಥ ಸೋಮವಾರಗಳು ಎಣಿಕೆಗೆ ಸಿಗದಷ್ಟು ಬರಲಿ.