ಎರಡನೆಯ ಹೊತ್ತು

ಅಮ್ಮ ಇಪ್ಪತ್ತೆರಡಕ್ಕೆ ಪ್ರೆಸ್ಸು ಸೇರಿದವಳು, ಮೂವತ್ತೆಂಟು ವರ್ಷ ಅಲ್ಲೇ ಪ್ರೂಫ್ ತಿದ್ದಿದಳು. ಪರೀಕ್ಷೆಯ ಗೈಡುಗಳನ್ನು ಅಚ್ಚು ಹಾಕುವ ಪ್ರೆಸ್ಸು ಅದು. ಕಿಟಕಿ ಪಕ್ಕದ ಮೇಜು, ಕೆಂಪು ಪೆನ್ನು, ಸಾಲಿನ ಕೆಳಗೆ ಜರುಗಿಸಲು ಒಂದು ಅಡಿಕೋಲು. ಮನೆಯಲ್ಲೂ ಅದೇ ಚಾಳಿ: ನಾನು ಬರೆದ ದಿನಸಿ ಚೀಟಿಯ ಒತ್ತಕ್ಷರ ತಿದ್ದಿಯೇ ಅಂಗಡಿಗೆ ಹೊರಡುವಳು.

ನಾನು ಹೈಸ್ಕೂಲಿನಲ್ಲಿ ಪದ್ಯ ಪಾಠ ಮಾಡುವವಳು. ಹರೆಯ ಕಳೆದುಹೋಗುವ ಬಗ್ಗೆ ಒಂದು ಹಳೆಯ ಪದ್ಯವಿದೆ. ಅದರ ಜೀವವೆಲ್ಲ ಕೊನೆಯ ಸಾಲಿನಲ್ಲಿದೆಯಂತೆ: ‘ಹರೆಯ, ಹೊತ್ತು ಹೋಯಿತು.’ ಹರೆಯವೂ ಹೋಯಿತು, ಕಾಲವೂ ಹೋಯಿತು ಎಂದು ಗೈಡಿನ ಸಾರಾಂಶ. ಮಕ್ಕಳು ಅದನ್ನೇ ಉರು ಹೊಡೆದು ಬರೆಯುತ್ತಾರೆ. ಇಷ್ಟು ಸಪ್ಪೆ ಸಾಲನ್ನು ಯಾಕೆ ಹೊಗಳುತ್ತಾರೋ ಎಂದು ನನಗೆ ತಲೆಚಿಟ್ಟು ಹಿಡಿದಿತ್ತು. ಈ ವರ್ಷ ಲೈಬ್ರರಿಯಲ್ಲಿ ಆ ಕವಿಯ ಪುಸ್ತಕದ ಮೊದಲ ಮುದ್ರಣ ಸಿಕ್ಕಿತು. ಅಲ್ಲಿದ್ದದ್ದು ‘ಹರೆಯ ಹೊತ್ತು ಹೊತ್ತು ಹೋಯಿತು.’ ಹರೆಯವನ್ನು ಹೆಗಲಿಗೇರಿಸಿಕೊಂಡು ಹೊತ್ತೇ ನಡೆದುಬಿಟ್ಟಿದೆ, ಸಾಮಾನು ಹೊತ್ತೊಯ್ಯುವ ಕಳ್ಳನ ಹಾಗೆ. ಮೈ ಜುಮ್ಮೆಂದಿತು, ಹಿಂದೆಯೇ ಸಿಟ್ಟೂ ಬಂತು.

ಯಾವ ದಡ್ಡ ಶಿಖಾಮಣಿ ಒಂದು ಹೊತ್ತನ್ನು ನುಂಗಿ ಹಾಕಿದನೋ ಎಂದು ಅಮ್ಮನ ಮುಂದೆ ಹಾರಾಡಿದೆ. ಅವಳು ಕನ್ನಡಕ ಏರಿಸಿ ಪುಟ ನೋಡಿದಳು.

“ನಾನೇ ಕಣೇ,” ಎಂದಳು. “ಕೆಲಸಕ್ಕೆ ಸೇರಿದ ವಾರ. ಎರಡು ಸಲ ಬಿದ್ದಿದೆ ಅಂತ ಒಂದನ್ನ ಹೊಡೆದು ನಡುವೆ ಕಾಮಾ ಹಾಕ್ದೆ. ಕಣ್ಣು ಚುರುಕಾಗಿದೆ ನಿಂದು ಅಂತ ಯಜಮಾನ್ರು ಹೊಗಳಿದ್ರು.”

ಅವಳ ನಿವೃತ್ತಿಗೆ ಮೂರು ವಾರವಿತ್ತು. ಅಷ್ಟರಲ್ಲಿ ಇದನ್ನು ಸರಿಮಾಡದಿದ್ದರೆ ತಿದ್ದಿದ್ದೆಲ್ಲ ಮಣ್ಣುಪಾಲು ಎಂದು ಅಮ್ಮನಿಗೆ ಊಟ ಸೇರದಾಯಿತು. ಯಜಮಾನರು ಜಗ್ಗಲಿಲ್ಲ. ಇಷ್ಟು ವರ್ಷ ಯಾರೂ ಕೇಳಿಲ್ಲ, ಈಗ ಆ ತಪ್ಪೇ ಸರಿ ಎಂದರು. ಅಮ್ಮ ದಿನಾ ಅವರ ಬಾಗಿಲಲ್ಲಿ ನಿಂತಳು. ಕಾಟ ತಾಳದೆ ಕೊನೆಗೆ ಒಪ್ಪಿದರು, ಸಾಲು ಮಾತ್ರ, ಸಾರಾಂಶ ಮುಟ್ಟಕೂಡದು. ಕೊನೆಯ ದಿನ ಅಮ್ಮ ಕೆಂಪು ಶಾಯಿಯಲ್ಲಿ ಎರಡನೆಯ ಹೊತ್ತನ್ನು ಸೇರಿಸಿ ಮನೆಗೆ ಬಂದಳು. ಅಂದು ಎರಡು ಸಲ ಬಡಿಸಿಕೊಂಡು ಉಂಡಳು.

ಹೊಸ ಗೈಡು ಬಂತು. ನೋಡಿದರೆ ಒಂದೇ ಹೊತ್ತು.

ಅಮ್ಮ ನಿಂತ ನಿಲುವಿನಲ್ಲೇ ಪ್ರೆಸ್ಸಿಗೆ ಫೋನು ಮಾಡಿದಳು. ಎತ್ತಿದ್ದು ಅವಳ ಜಾಗಕ್ಕೆ ಬಂದ ಹುಡುಗಿ.

“ಹೌದು ಮೇಡಂ, ನೀವು ಹೋದ್ಮೇಲೆ ಬಂದ ಪ್ರೂಫಲ್ಲಿ ಆ ಪದ ಎರಡು ಸಲ ಬಿದ್ದಿತ್ತು. ನಾನೇ ಹಿಡಿದು ತೆಗೆದೆ,” ಎಂದಳು. ದನಿಯಲ್ಲಿ ಹಿಗ್ಗು ಉಕ್ಕುತ್ತಿತ್ತು.

ನನಗೆ ಮೈಯೆಲ್ಲ ಉರಿಯಿತು. ಚೆನ್ನಾಗಿ ಬೈಯಮ್ಮ ಎಂದು ಸನ್ನೆ ಮಾಡಿದೆ. ಅಮ್ಮ ಬಾಯಿ ತೆರೆದವಳು ತಡೆದು, ನಿನಗೆ ವಯಸ್ಸೆಷ್ಟು ಎಂದು ಕೇಳಿದಳು. ಇಪ್ಪತ್ತೆರಡು ಎಂದಿತು ಆ ಕಡೆ.

“ಕಣ್ಣು ಚುರುಕಾಗಿದೆ ನಿಂದು,” ಎಂದು ಅಮ್ಮ ಫೋನಿಟ್ಟಳು.